ಕೈಗುಣ ಅಲ್ಲ, ಮಣ್ಣಿನ ಗುಣ

“ಅವಳ ಕೈಗುಣವೇ ಸರಿಯಿಲ್ಲ, ನೆಟ್ಟಿದ್ದೆಲ್ಲ ಒಣಗುತ್ತೆ” ಅನ್ನೋ ಮಾತನ್ನು ಎಷ್ಟು ಮನೆಯ ಸೊಸೆಯಂದಿರು ಕೇಳಿಸಿಕೊಂಡು ಸುಮ್ಮನಾಗುತ್ತಾರೋ! ಸೋದರಿಯರೇ, ಗಿಡ ಒಣಗಿದರೆ ಮೊದಲು ಕೈಯನ್ನಲ್ಲ, ಮಣ್ಣನ್ನು ನೋಡಿ.

ಹೊಸ ಬಡಾವಣೆಯ ಎಷ್ಟೋ ಮನೆಗಳ ಮುಂದೆ ಇರುವುದು ಮಣ್ಣೇ ಅಲ್ಲ. ಪಾಯ ತೋಡಿದಾಗ ಬಂದ ಗರಸು, ಇಟ್ಟಿಗೆ ಚೂರು, ಗಾರೆ, ಸಿಮೆಂಟಿನ ಪುಡಿ. ಸುಣ್ಣದ ಅಂಶ ಹೆಚ್ಚಾದ ಕಡೆ ಮಣ್ಣಿನಲ್ಲಿ ಕಬ್ಬಿಣದ ಸತ್ವ ಇದ್ದರೂ ಬೇರು ಅದನ್ನು ಹೀರಲಾರದು. ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದೇ ಗುರುತು. ಅಲ್ಲಿ ಯಾರು ನೆಟ್ಟರೂ ಅಷ್ಟೇ.

ಇಂಥ ಜಾಗಕ್ಕೆ ಕುಂಡವೇ ಸರಿ. ಬಾಡಿಗೆ ಮನೆಯವರಾದರೆ ಹೋಗುವಾಗ ಬಳ್ಳಿಯನ್ನು ಜೊತೆಗೇ ಒಯ್ಯಬಹುದು.

ಮೊದಲಿಗೆ ಶಂಖಪುಷ್ಪ ಹಾಕಿ. ಇದು ಅವರೆ, ಹುರುಳಿಯ ಕುಲಕ್ಕೆ ಸೇರಿದ್ದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಹೆಚ್ಚು ಗೊಬ್ಬರ ಬೇಡ. ಗೊಬ್ಬರ ಅತಿಯಾದರೆ ಬರೀ ಎಲೆ ಹಬ್ಬುತ್ತೆ, ಹೂವು ಕಡಿಮೆ.

ಕುಂಡ 12 ಅಂಗುಲ ಆಳವಿರಲಿ. ಹಳೇ ಬಕೆಟ್, ಬಣ್ಣದ ಡಬ್ಬ ಆದರೂ ಆಗುತ್ತೆ. ಡಬ್ಬ ಚೆನ್ನಾಗಿ ತೊಳೆದಿರಲಿ. ತಳದಲ್ಲಿ 4–5 ತೂತು ಮಾಡಿ, ಮೇಲೆ ಹೆಂಚಿನ ಚೂರು ಇಡಿ.

ಮಣ್ಣಿನ ಅಳತೆ: ಕೆಮ್ಮಣ್ಣು 2 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು, ಮರಳು 1 ಪಾಲು, ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಬೇಡಿ, ಅದರ ಕಾವಿಗೆ ಬೇರು ಸುಡುತ್ತೆ.

ಬೀಜದ ಸಿಪ್ಪೆ ಗಟ್ಟಿ. ಒರಟು ಕಲ್ಲಿನ ಮೇಲೆ ಮೆಲ್ಲಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ, ಅರ್ಧ ಅಂಗುಲ ಆಳಕ್ಕೆ ಊರಿ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತೆ. ಕುಂಡಕ್ಕೆ ಎರಡೇ ಸಸಿ ಸಾಕು. ಗೇಣುದ್ದ ಆದಾಗ ತುದಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತೆ. ಆಗಲೇ ಕಿಟಕಿ ಸರಳಿಗೋ ಕಂಬಕ್ಕೋ ಹುರಿ ಕಟ್ಟಿಬಿಡಿ. ದಿನಕ್ಕೆ 5–6 ಗಂಟೆ ಬಿಸಿಲು ಬಿದ್ದರೆ ಸುಮಾರು ಎರಡು ತಿಂಗಳಲ್ಲಿ ಹೂವು.

ಬೆರಳು ಊರಿ ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ಕೊಳವೆಬಾವಿಯ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಅದನ್ನು ಕೆರೆದು ತೆಗೆಯಿರಿ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಕುಂಡದ ತಳದಿಂದ ಹರಿದು ಹೋಗುವಷ್ಟು ಹಾಕಿ, ಉಪ್ಪು ತೊಳೆದು ಹೋಗುತ್ತೆ. ಕಾಯಿಗಳನ್ನು ಎಳೆಯದರಲ್ಲೇ ಕಿತ್ತರೆ ಹೂವು ನಿಲ್ಲದೆ ಬರುತ್ತೆ. ನಾಲ್ಕೈದನ್ನು ಮಾತ್ರ ಬಳ್ಳಿಯಲ್ಲೇ ಒಣಗಲು ಬಿಡಿ.

ಇಷ್ಟು ಕೈಗೆ ಹತ್ತಿದ ಮೇಲೆ ಜಾಜಿಗೆ ಬನ್ನಿ. ಅದಕ್ಕೆ 18 ಅಂಗುಲದ ಕುಂಡ, ಸ್ವಲ್ಪ ಹೆಚ್ಚು ಗೊಬ್ಬರ ಬೇಕು. ಡಿಸೆಂಬರ್–ಜನವರಿಯಲ್ಲಿ ಸವರಿದರೆ ಹೊಸ ಚಿಗುರಿನಲ್ಲಿ ಮೊಗ್ಗು ಕಟ್ಟುತ್ತೆ.

ಒಣಗಿದ ಶಂಖಪುಷ್ಪದ ಬೀಜವನ್ನು ಪಕ್ಕದ ಮನೆಯ ಹೊಸ ಸೊಸೆಗೂ ಕೊಡಿ. ಜೊತೆಗೆ ಮಣ್ಣಿನ ಅಳತೆಯನ್ನೂ ಹೇಳಿಕೊಡಿ, ಮುಂದೆ ಯಾರೂ ಆಕೆಯ ಕೈಗುಣದ ಮಾತೆತ್ತಬಾರದು.