ಕಾಯುವ ಹೊತ್ತಿನ ಕೂಲಿ ಯಾರ ಲೆಕ್ಕಕ್ಕೆ?

ಕರ್ಜಗಿಗೆ ಸಂಡೂರಿನ ಗುಡ್ಡಗಳು ದೂರ. ಆದರೆ ಅಲ್ಲಿ ಕಬ್ಬಿಣದ ಅದಿರು ಬಗೆಯುವ ಯಂತ್ರಗಳ ತಮ್ಮಂದಿರೇ ಮರಳಿಗಾಗಿ ನಮ್ಮ ವರದೆ, ತುಂಗಭದ್ರೆಯ ದಂಡೆಗಳಿಗೆ ಬರುತ್ತವೆ. ಅವುಗಳ ಮುಂದೆ ಟಿಪ್ಪರುಗಳು ಸಾಲು ಹಿಡಿಯುತ್ತವೆ. ಆ ಸಾಲಿನಲ್ಲಿ ಯಾರ ಗಂಟು ಕರಗುತ್ತದೆಂಬುದನ್ನು ನಮ್ಮ ದುಡಿಮೆಗಾರ ಬಂಧುಗಳು ಅರಿಯುವುದು ಅವಶ್ಯ.

ತೆರೆದ ಗಣಿಯಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಮೆಟ್ಟಿಲಿಗೆ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸಿದ ಮೇಲೆ, ಒಡೆದ ಕಲ್ಲನ್ನು ಶೊವೆಲ್ಲು ಬಾಚಿಕೊಂಡು, ಮೈ ತಿರುಗಿಸಿ ಡಂಪರಿನಲ್ಲಿ ಸುರಿಯುತ್ತದೆ. ಡಂಪರು ತೀರ ಕಡಿದಾಗದ ಹಾದಿ ಹಿಡಿದು ಅದನ್ನು ಕ್ರಷರಿಗೊಯ್ದು ಚೆಲ್ಲಿ ಹಿಂದಿರುಗುತ್ತದೆ. ಗಣಿಯ ಖರ್ಚಿನಲ್ಲಿ ದೊಡ್ಡ ಪಾಲು, ಹಲವೆಡೆ ಅರ್ಧದಷ್ಟು, ಈ ಹೋಗಿಬರುವುದಕ್ಕೇ ತಗಲುತ್ತದೆ. ಈ ಯಂತ್ರಗಳೇನೂ ಪರದೇಶದ ಮಾಯೆಯಲ್ಲ. 1964ರಲ್ಲಿ ಹುಟ್ಟಿದ ಸಾರ್ವಜನಿಕ ಉದ್ಯಮ ಬಿಇಎಂಎಲ್, ಮೈಸೂರಿನಲ್ಲಿ ಡಂಪರುಗಳನ್ನೂ ಕೋಲಾರದ ಕೆಜಿಎಫ್‌ನಲ್ಲಿ ಅಗೆಯುವ ಯಂತ್ರಗಳನ್ನೂ ನಮ್ಮ ಕಾರ್ಮಿಕರ ಕೈಯಿಂದಲೇ ಕಟ್ಟಿಸಿದೆ.

ಈಗ ಒಂದು ಲೆಕ್ಕ ಹಾಕೋಣ. ಬಕೆಟ್ಟಿಗೆ 10 ಟನ್ನು, ಡಂಪರಿಗೆ 50 ಟನ್ನು ಎಂದಿಟ್ಟುಕೊಂಡರೆ ಐದು ಸಲ ಸುರಿಯಬೇಕು. ಸಲಕ್ಕೆ ಅರ್ಧ ನಿಮಿಷ, ಗಾಡಿ ಹಿಂದೆ ಸರಿದು ನಿಲ್ಲಲು ಇನ್ನರ್ಧ; ಒಟ್ಟು ಮೂರು ನಿಮಿಷ. ತುಂಬುವುದೂ ಸೇರಿ ಒಂದು ಸುತ್ತಿಗೆ 18 ನಿಮಿಷ ಹಿಡಿದರೆ ಆರು ಡಂಪರು ಸರಿಹೋದವು. ಐದೇ ಇದ್ದರೆ ಶೊವೆಲ್ಲು ಕೈಕಟ್ಟಿ ನಿಲ್ಲುತ್ತದೆ. ಎಂಟು ಇದ್ದರೆ? ಸುತ್ತು 24 ನಿಮಿಷವಾಗುತ್ತದೆ; ಪ್ರತಿ ಗಾಡಿಯೂ ಸುತ್ತಿಗೆ ಆರು ನಿಮಿಷ ಸುಮ್ಮನೆ ಕಾಯುತ್ತದೆ. ಎಂಟು ತಾಸಿನಲ್ಲಿ 26 ಸುತ್ತು ಹೊಡೆಯಬಹುದಾಗಿದ್ದವನು 20ಕ್ಕೇ ನಿಲ್ಲುತ್ತಾನೆ. ಶೊವೆಲ್ಲು ಮಾತ್ರ ಎರಡೂ ಸಂದರ್ಭಗಳಲ್ಲಿ 160 ಗಾಡಿ ತುಂಬಿರುತ್ತದೆ!

ಪಗಾರದ ಡ್ರೈವರನಿರುವ ಗಣಿಯಲ್ಲಿ ಕಾಯುವ ನಿಮಿಷ ಕಂಪನಿಯ ನಷ್ಟ. ಆದ್ದರಿಂದಲೇ ಅಲ್ಲಿಯ ಇಂಜಿನಿಯರು ಅದನ್ನು ಗಡಿಯಾರ ಹಿಡಿದು ಎಣಿಸುತ್ತಾನೆ. ಟ್ರಿಪ್ಪಿನ ಲೆಕ್ಕದ ಬಾಡಿಗೆ ಟಿಪ್ಪರಿನಲ್ಲಿ ಅದು ಡ್ರೈವರನ ನಷ್ಟ; ಸಾಲದ ಕಂತಿನ ಮೇಲೆ ಗಾಡಿ ಕೊಂಡ ಸಣ್ಣ ಮಾಲಿಕನದೂ ಹೌದು. ಗುತ್ತಿಗೆದಾರನಿಗೆ ಎರಡು ಗಾಡಿ ಹೆಚ್ಚು ಕರೆಸಿದರೆ ಕವಡೆಯೂ ಖರ್ಚಿಲ್ಲ, ತನ್ನ ಯಂತ್ರ ಬಿಡುವಿಲ್ಲದೆ ನಡೆಯುವ ಖಾತ್ರಿ ಪುಕ್ಕಟೆ. ಹೀಗೆ ಕಳೆದುಕೊಂಡದ್ದನ್ನು ಡ್ರೈವರನು ರಸ್ತೆಯ ಮೇಲೆ ವೇಗದಿಂದ, ನಿದ್ದೆಗೆಟ್ಟು, ಮಿತಿಮೀರಿದ ಹೇರಿನಿಂದ ತುಂಬಿಕೊಳ್ಳಲು ಹೋಗುತ್ತಾನೆ. ಬಳ್ಳಾರಿಯ ಹಾದಿಗಳಲ್ಲಿ ಅತಿಹೇರಿನ ಲಾರಿಗಳು ಓಡಿದ್ದನ್ನು ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ 2011ರ ಲೋಕಾಯುಕ್ತ ವರದಿ ದಾಖಲಿಸಿದೆ. ಜನ ಡ್ರೈವರನನ್ನು ಶಪಿಸಿದರು. ಟ್ರಿಪ್ಪಿನ ದರ ಕಟ್ಟಿದವನನ್ನು ಯಾರೂ ಕೇಳಲಿಲ್ಲ.

ಅದೇ ವರ್ಷ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿತು. ಕೋರ್ಟಿಗೆ ಹೋದದ್ದು ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಆ ತಡೆ ಬೇಕಾಗಿತ್ತು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದಿರಿನ ಲಾಭ ತಿಂದವರು ಬೇರೆ, ಮರುದಿನ ಒಲೆ ಆರಿದ್ದು ಕೂಲಿಕಾರರದು, ಡ್ರೈವರ-ಕ್ಲೀನರರದು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿಬಿದ್ದಿರುವ ಸಾವಿರಾರು ಕೋಟಿ ರೂಪಾಯಿಯಲ್ಲಿ ಇವರ ಪಾಲೆಷ್ಟು? 1973ರಲ್ಲಿ ಸಂಡೂರಿನ ರೈತರೊಡನೆ ನಿಂತು ಭೂಹೋರಾಟ ನಡೆಸಿದ ಸಮಾಜವಾದಿಗಳ ವಾರಸುದಾರರಿಗೆ ಇದನ್ನು ಕೇಳುವ ಹಕ್ಕಿದೆ.

ಯಂತ್ರ ಬೇಡವೆಂದು ನಾವು ಹೇಳುವವರಲ್ಲ. ಬಿಸಿಲಲ್ಲಿ ಕಲ್ಲು ಒಡೆದು ಬುಟ್ಟಿ ಹೊತ್ತ ಬೆನ್ನುಗಳನ್ನು ಕಂಡವರು ಯಾರೂ ಹಾಗೆ ಹೇಳಲಾರರು. 1952ರ ಗಣಿ ಕಾಯ್ದೆ ಕಾರ್ಮಿಕನ ವಾರವನ್ನು 48 ತಾಸಿಗೆ ಕಟ್ಟಿತ್ತು. ಟ್ರಿಪ್ಪಿನ ಲೆಕ್ಕ ಆ ಕಟ್ಟನ್ನು ಹಿಂಬಾಗಿಲಿನಿಂದ ಬಿಚ್ಚಿದೆ. ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಗಣಿಯಿರಲಿ, ಮರಳಿನ ಪಾಯಿಂಟಿರಲಿ, ಗಾಡಿ ಸಾಲಿಗೆ ಸೇರಿದ ವೇಳೆ, ತುಂಬಿ ಹೊರಟ ವೇಳೆ ಎರಡನ್ನೂ ಚೀಟಿಯಲ್ಲಿ ಬರೆಯಬೇಕು. ನಡುವಿನ ನಿಮಿಷಗಳಿಗೆ ಗುತ್ತಿಗೆದಾರನೇ ಹಣ ತೆರಬೇಕು. ಹಾಗಾದ ದಿನ ಎಂಟನೆಯ ಗಾಡಿಯನ್ನು ಅವನೇ ಮನೆಗೆ ಕಳಿಸುತ್ತಾನೆ.