ನಿನಗ ಯಾರು ಒತ್ತು ಅಂದಿದ್ರು?

ಹೋದ ವಾರ ನಮ್ಮ ಭಿಶಿಯೊಳಗ ಒಬ್ಬಾಕಿ ಎಲ್ಲಾರೂ ಎದ್ದು ಹೋಗೂ ತನಕ ಕಾದು, ಆಮ್ಯಾಲೆ ಸಾವಕಾಶ ಫೋನು ತಗದು ತೋರಿಸಿದ್ಲು. “ಅಕ್ಕಾ, ಇದೇನೋ ಕೆಂಪಗ ಬಂದದ ನೋಡ್ರಿ. ಫೋನಿಗೆ ವೈರಸ್ ಹೊಕ್ಕದಂತ. ಮನ್ಯಾಗ ಹೇಳಿಲ್ಲ, ಬೈತಾರ” ಅಂದ್ಲು. ಆ ಕಡೀ ಮಾತು ಕೇಳಿ ನನ್ನ ಜೀವ ಝಲ್ ಅಂತು. ಯಾಕಂದ್ರ ಇದ ಮಾತು ನಮ್ಮ ವೈನಿ ಬಾಯಾಗೂ ಬಂದಿತ್ತು. ಆವಾಗ ಬೈದವರೊಳಗ ನಾನೂ ಒಬ್ಬಾಕಿ ಇದ್ದೆ.

ಅದಕ್ಕ ಇವತ್ತು ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲಾ ಬಿಟ್ಟು ಇದನ್ನ ಬರೀಲಿಕತ್ತೀನಿ. ವೈನಿಗೆ ಕೇಳೇನಿ. “ಬರಿ, ಆದ್ರ ಹೆಸರು ಹಾಕಬ್ಯಾಡ” ಅಂದಾರ. ನಮ್ಮ ಮಂದಿಗೆ ಗುರ್ತು ಹತ್ತೇ ಹತ್ತತದ, ಹತ್ತಲಿ. ಅವರು ನಾಚಿಕಿ ಪಡೂವಂಥಾದ್ದು ಏನೂ ಮಾಡಿಲ್ಲ ಅಂತ ಹೇಳೂದ ನನ್ನ ಕೆಲಸ.

2023ರಾಗ ಅಧಿಕ ಶ್ರಾವಣ ಬಂದಿತ್ತು, ಜುಲೈ 18ರಿಂದ ಆಗಸ್ಟ್ 16ರ ತನಕ. ವೈನಿ ಮಗಳ ಲಗ್ನಾ ಆಗಿ ಬಂದ ಮೊದಲನೇ ಅಧಿಕ ಮಾಸ. ಅಳಿಯಗ 33 ಅನಾರಸ ಕೊಡಬೇಕು. ಅನಾರಸದ ಅಳತಿ ನಮ್ಮ ಅವ್ವನ ಕೈಯಾಗಿತ್ತು, ಅಕಿ ಜೋಡಿನ ಹೋತು. ಅಕ್ಕಿ ಮೂರು ದಿನಾ ನೆನಿಹಾಕಬೇಕು, ದಿನಾ ನೀರು ಬದಲಸಬೇಕು, ನೆರಳಾಗ ಆರಹಾಕಬೇಕು ಅನ್ನೂದೆಲ್ಲಾ ವೈನಿಗೆ ಗೊತ್ತಿತ್ತು. ಬೆಲ್ಲದ ಪ್ರಮಾಣ ಒಂದು ನೆಪ್ಪಿರಲಿಲ್ಲ. ಬೆಲ್ಲ ಒಂದ ಚೂರು ಹೆಚ್ಚಾದ್ರೂ ಅನಾರಸ ತುಪ್ಪದಾಗ ಕರಗಿ ಹೋಗತದ, ನಿಮಗೆಲ್ಲಾ ಗೊತ್ತದ. ಅದಕ್ಕ ಫೋನಿನ್ಯಾಗ ಹುಡುಕಿದ್ರು.

ಹುಡುಕಿದ್ದು ಬೆಲ್ಲದ ಅಳತಿ. ಸಿಕ್ಕಿದ್ದೇನು ಕೇಳ್ರಿ. ಪುಟಾ ತಗೀತಿದ್ದಂಗ ಒಂದು ಡಬ್ಬಿ ಬಂದು “ಅಲೋ” ಮಾಡ್ತೀರೋ ಇಲ್ಲೋ ಅಂತ ಕೇಳ್ತು. ಅಡಿಗಿ ಕಾಣವಲ್ತು, ಅದಕ್ಕ ಹೂಂ ಅಂತ ಒತ್ತಿದ್ರು. ಅವತ್ತಿನಿಂದ ದಿನಾ ಹತ್ತಿಪ್ಪತ್ತು ಸಲ ಟಣ್ ಅಂತ ಸುದ್ದಿ ಬರಲಿಕ್ಕೆ ಹತ್ತಿದವು. ಲಾಟರಿ ಹತ್ತೇದ, ಫೋನಿಗೆ 13 ವೈರಸ್ ಹೊಕ್ಕಾವ, ಎರಡು ನಿಮಿಷದಾಗ ಸ್ವಚ್ಛ ಮಾಡ್ರಿ ಇಲ್ಲಂದ್ರ ಫೋಟೋ ಎಲ್ಲಾ ಹೋಗತಾವ ಅಂತ. ಮಗಳ ಲಗ್ನದ ಫೋಟೋ ಎಲ್ಲಾ ಅದರಾಗ ಇದ್ದವು. ಹೆದರಿ ಒತ್ತಿದ್ರು. ಒಂದು ಆ್ಯಪ್ ಬಂತು. “ಬರೇ ಒಂದು ರೂಪಾಯಿ” ಅಂತು. ಒಂದು ರೂಪಾಯಿಗೆ ಏನಾಗತದ ಅಂತ ಪಿನ್ನು ಹಾಕಿದ್ರು.

ಆ ಒಂದು ರೂಪಾಯಿ ಕೆಳಗ, ಇರಿವಿ ಸಾಲಿನಂಥಾ ಅಕ್ಷರದಾಗ, ಮುಂದ ತಿಂಗಳಿಗೆ 399 ರೂಪಾಯಿ ತಾನಾಗೇ ಹೋಗತದ ಅಂತ ಬರದಿತ್ತು. ಇಂಗ್ಲಿಷಿನ್ಯಾಗ. ವೈನಿ ಏಳನೇತ್ತಾ ತನಕ ಕನ್ನಡ ಸಾಲಿ ಕಲ್ತವರು, ವಯಸ್ಸು ಆವಾಗ ಅರವತ್ತೆರಡು. ಚಾಳೀಸಿನ ಮ್ಯಾಲೆ ಚಾಳೀಸು ಹಾಕಿದ್ರೂ ಆ ಅಕ್ಷರ ಕಾಣೂ ಹಂಗಿರಲಿಲ್ಲ.

ಮೊದಲನೇ ಸಲ ರೊಕ್ಕ ಹೋದಾಗ ಹೆದರಿ ಆ್ಯಪ್ ಅಳಸಿ ಹಾಕಿದ್ರು. ಮುಗೀತು ಅಂತ ತಿಳಕೊಂಡ್ರು. ಮುಂದಿನ ತಿಂಗಳ ಮತ್ತ ಹೋತು. ಆ್ಯಪ್ ತಗದ್ರ ರೊಕ್ಕ ಹೋಗೂದು ನಿಂದ್ರೂದಿಲ್ಲ ಅನ್ನೂದು ಅವರಿಗೆ ಹೆಂಗ ಗೊತ್ತಾಗಬೇಕು? ಯಾರಿಗರೆ ಹೇಳೋಣಂದ್ರ, ಪಿನ್ನು ತಾವ ಹಾಕ್ಯಾರ. ಎಂಟು ತಿಂಗಳ ಹೇಳಲಿಲ್ಲ. ಅಣ್ಣಗ ಖಾತೆದಾಗ ಕಮ್ಮಿ ಕಾಣಬಾರದಂತ ಆ ವರ್ಷ ಶ್ಯಾವಿಗಿ, ಸಂಡಿಗಿ ಹೆಚ್ಚಿಗೆ ಮಾಡಿ ಮಾರಿ ತುಂಬಿದ್ರು. ನಾವೆಲ್ಲಾ “ವೈನಿಗೆ ಈಗ ರೊಕ್ಕದ ಹುಚ್ಚು ಹಿಡದದ” ಅಂತ ಚಾಷ್ಟಿ ಮಾಡಿದ್ವಿ. ನೆನಸಿಕೊಂಡ್ರ ಇವತ್ತಿಗೂ ಗಂಟಲಾಗ ಏನೋ ಸಿಕ್ಕಂಗ ಆಗತದ.

ಮರುವರ್ಷ ಯುಗಾದಿಗೆ ಮಗ ಬಂದಾಗ ಪಾಸ್‌ಬುಕ್ಕು ನೋಡಿ ಗೊತ್ತಾತು. ಎಂಟು ಸಲ, 3192 ರೂಪಾಯಿ. ಮಗ ಅಂದದ್ದು, “ಅವ್ವಾ, ನಿನಗ ಯಾರು ಒತ್ತು ಅಂದಿದ್ರು?” ಅಣ್ಣ ಅಂದದ್ದೂ ಅದ. ನಾನೂ ಅಂದೆ, “ವೈನಿ, ಗೊತ್ತಿಲ್ಲದ್ದನ್ನ ನೀವರೆ ಯಾಕ ಒತ್ತಲಿಕ್ಕೆ ಹೋದ್ರಿ?” ವೈನಿ ಏನೂ ಅನ್ನಲಿಲ್ಲ. ಬೇವುಬೆಲ್ಲದ ವಾಟಗಾ ಹಂಗ ಇಟ್ಟು ಒಳಗ ಹೋದ್ರು.

ಆ ಪ್ರಶ್ನಾಕ್ಕ ಉತ್ತರಾ ಅದ, ಅದನ್ನ ಈಗ ಹೇಳತೀನಿ. ಯಾರು ಒತ್ತು ಅಂದಿದ್ರು? ಆ ಪುಟಾ ಮಾಡಿದವರು ಅಂದಿದ್ರು. ಒತ್ತಲಿ ಅಂತನ ಕೂತು, ಲೆಕ್ಕಾ ಹಾಕಿ, ರೊಕ್ಕ ಖರ್ಚು ಮಾಡಿ ಅದನ್ನ ಮಾಡ್ಯಾರ.

ನೀವು ನೋಡೇ ನೋಡೀರಿ. ಜಾಹೀರಾತು ಮುಚ್ಚೂ ಗುಣಾಕಾರದ ಗುರ್ತು ಸಾಸಿವಿಯಷ್ಟು ಇರತದ, ಅದೂ ಬೂದಿ ಬಣ್ಣದ್ದು. “ಹೂಂ” ಅನ್ನೂ ಗುಂಡಿ ರೊಟ್ಟಿಯಷ್ಟು ಇರತದ, ಹಸರಗ. ನಾವು ಓದಲಿಕ್ಕೆ ಹತ್ತಿದಾಗ ಪುಟಾ ಒಮ್ಮೆಲೆ ಕೆಳಗ ಜರೀತದ, ಬೆರಳು ಹೋಗಿ ಜಾಹೀರಾತಿನ ಮ್ಯಾಲೆ ಬೀಳತದ. ಎಷ್ಟೋ ಜಾಹೀರಾತಿಗೆ ರೊಕ್ಕ ಸಿಗೂದು ಒತ್ತಿದ ಲೆಕ್ಕದ ಮ್ಯಾಲೆ. ತಪ್ಪಿ ಒತ್ತಿದ್ರೂ ಒತ್ತಿದ್ದ. ಕೆಲವು ಕಡೆ ಆ ಗುಣಾಕಾರದ ಗುರ್ತ ಸುಳ್ಳು, ಚಿತ್ರದಾಗ ಬರದಿದ್ದು, ಮುಚ್ಚಲಿಕ್ಕೆ ಹೋದ್ರ ತಗೀತದ. ಇನ್ನ ವೈರಸ್ಸಿನ ಮಾತು. ಒಂದು ಪುಟಾ ತಗದ ಮಾತ್ರಕ್ಕ ಅದು ನಮ್ಮ ಫೋನು ತಪಾಸ ಮಾಡಿ ಇಷ್ಟು ವೈರಸ್ ಅವ ಅಂತ ಹೇಳಲಿಕ್ಕೆ ಸಾಧ್ಯನ ಇಲ್ಲ. ಅದು ಶುದ್ಧ ಸುಳ್ಳು. ಇಂಥಾದ್ದು ಮಾಡಿದವಗ ಜಾಣ ಅಂತಾರ, ಬಲಿಗೆ ಬಿದ್ದಾಕಿಗೆ ದಡ್ಡಿ ಅಂತಾರ. ಯಾವ ನ್ಯಾಯ ಇದು?

ಇದು ನಾ ಸಿಟ್ಟಿಗೆದ್ದು ಹೇಳೂ ಮಾತಲ್ಲ. ಸರ್ಕಾರನ ಒಪ್ಪಿಕೊಂಡದ. ವೈನಿ ಕತಿ ನಡದ ಅದ ವರ್ಷ, 2023ರ ನವೆಂಬರ್ 30ಕ್ಕ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ಇಂಥಾ ಮೋಸದ ಗುಂಡಿಗಳಿಗೆ ನಿಯಮ ಮಾಡಿದ್ರು. ಡಾರ್ಕ್ ಪ್ಯಾಟರ್ನ್ ಅಂತ ಅದಕ್ಕ ಹೆಸರು. 13 ನಮೂನಿ ಮೋಸಾ ಪಟ್ಟಿ ಮಾಡ್ಯಾರ. “ಎರಡು ನಿಮಿಷದಾಗ” ಅಂತ ಸುಳ್ಳು ಅವಸರ ಮಾಡೂದು ಅದರಾಗ ಅದ. ವರ್ಗಣಿ ಹಚ್ಚಿ, ಬಿಡಲಿಕ್ಕೆ ದಾರಿ ಮುಚ್ಚೂದು ಅದ. ಬ್ಯಾಡ ಅಂದ್ರೂ ಮತ್ತ ಮತ್ತ ಕೇಳಿ ಕಾಡೂದು ಅದ. ವೈರಸ್ ಅಂತ ಹೆದರಿಸಿ ರೊಕ್ಕ ಕೀಳೂದು ಅದ. ಬ್ಯಾಡ ಅನ್ನಲಿಕ್ಕೆ ನಾಚಿಕಿ ಹಚ್ಚೂದೂ ಅದ. ವಿಮಾನದ ತಿಕೀಟು ತಗಿಯೂ ಮುಂದ ವಿಮಾ ಬ್ಯಾಡ ಅಂದವರ ಬಾಯಿಲೆ “ನಾ ಸುರಕ್ಷಿತ ಇಲ್ಲದ ಇರತೀನಿ” ಅಂತ ಅನ್ನಸೂದನ್ನ ಉದಾಹರಣಿಗೆ ಕೊಟ್ಟಾರ. ವೈನಿ ಜೋಡಿ ಆದದ್ದರಾಗ ಈ ಪಟ್ಟಿಯ ಮೂರು ನಾಕು ಸಿಗತಾವ. ಅಂದ್ರ ತಪ್ಪು ಯಾರದು ಅಂತ ಕಾನೂನಿನ್ಯಾಗ ಬರದದ. ಮನ್ಯಾಗಿನವರಿಗೆ ಮಾತ್ರ ಇನ್ನೂ ತಿಳಿದಿಲ್ಲ.

ಅಷ್ಟ ಯಾಕ, ಈ ಹಾರಿ ಬರೂ ಡಬ್ಬಿ, ಪಾಪ್‌ಅಪ್ ಅಂತಾರಲ್ಲ, ಅದರ ಕೋಡು ಮೊದಲಿಗೆ ಬರದವರೊಳಗ ಒಬ್ಬವ ಈಥನ್ ಜುಕರ್‌ಮನ್ ಅಂತ ಅಮೆರಿಕಾದವ. 1990ರ ದಶಕದಾಗ ಬರದಾ. 2014ರಾಗ ಪತ್ರಿಕಾದಾಗ ಲೇಖನಾ ಬರದು, ನಮ್ಮ ಉದ್ದೇಶ ಕೆಟ್ಟದಿರಲಿಲ್ಲ ಆದ್ರೂ ತಪ್ಪಾತು ಅಂತ ಕ್ಷಮಾ ಕೇಳ್ದಾ. ಹುಟ್ಟಿಸಿದವನ ಕ್ಷಮಾ ಕೇಳ್ಯಾನ. ನಮ್ಮ ವೈನಿ ಯಾಕ ತಲಿ ತಗ್ಗಿಸಬೇಕು?

“ಪುಗಸಟ್ಟೆ ಓದತೀರಿ, ಜಾಹೀರಾತು ಬಂದ್ರ ಯಾಕ ತ್ರಾಸ ಮಾಡ್ಕೋತೀರಿ?” ಅಂತ ನಮ್ಮ ಹುಡುಗೂರು ಕೇಳತಾವ. ಕೇಳೂ ಮಾತ ಅದು. ಬರದವರ ಹೊಟ್ಟೀನೂ ತುಂಬಬೇಕು. ಆದ್ರ ಜಾಹೀರಾತು ನಾವು ಇವತ್ತ ನೋಡಲಿಕ್ಕೆ ಹತ್ತಿಲ್ಲ. ವಿವಿಧ ಭಾರತಿಯೊಳಗ 1967ರಿಂದ ಜಾಹೀರಾತು ಅವ. ಎರಡು ಹಾಡಿನ ನಡು ಬಂದು ಸಾಬಾಣದ ಹೆಸರು ಹೇಳಿ ಹೋಗತಿದ್ದವು, ನಾವೂ ಬಾಯಿಪಾಠ ಮಾಡತಿದ್ವಿ. ಹಾಡಿನ ಬಾಯಿ ಮುಚ್ಚತಿದ್ದಿಲ್ಲ. ರೇಡಿಯೋ ಕೈ ಹಾಕಿ ನಮ್ಮ ಸೊಂಟದ ಚೀಲದಾಗಿನ ರೊಕ್ಕ ತಗೀತಿದ್ದಿಲ್ಲ. ಬಳಿಗಾರ ಬಂದ್ರ ಕಟ್ಟಿಮ್ಯಾಲೆ ಕೂತು “ಬಳಿ ಬೇಕೇನವಾ” ಅಂತಿದ್ದ. ಬ್ಯಾಡ ಅಂದ್ರ ನೀರು ಕುಡದು ಮುಂದಿನ ಮನಿಗೆ ಹೋಗತಿದ್ದ. ಒಳಗ ಹೊಕ್ಕು ಅಡಿಗಿಮನಿ ಬಾಗಲಕ್ಕ ಅಡ್ಡ ನಿಂತು, ಬಳಿ ಇಡಿಸಿಕೊಳ್ಳೂ ತನಕ ಸಾರು ಇಳಸಗೊಡೂದಿಲ್ಲ ಅಂದಿದ್ರ ಓಣಿ ಮಂದಿ ಸುಮ್ಮ ಬಿಡತಿದ್ರೇನು? ಮಾರ್ರಿ, ಬ್ಯಾಡ ಅನ್ನೂದಿಲ್ಲ. ಬ್ಯಾಡ ಅನ್ನೂ ಗುಂಡೀನೂ ಬೇಕು ಅನ್ನೂದರಷ್ಟ ದೊಡ್ಡದಿರಲಿ ಅಂತೀನಿ.

ಅದು ಆಗೂ ತನಕ ನಾವೇನು ಮಾಡಬೇಕು? ವೈನಿ ಫೋನು ಸುಧಾರಿಸೂ ಮುಂದ ನಾ ಕಲ್ತದ್ದು ಹೇಳತೀನಿ.

ಯಾವ ಪುಟಾ ಸುದ್ದಿ ಕಳಸಲೇನು ಅಂತ ಕೇಳಿದ್ರೂ ಬ್ಯಾಡ ಅನ್ರಿ. ಮೊದಲ ಹೂಂ ಅಂದಿದ್ರ, ಕ್ರೋಮಿನ್ಯಾಗ ಮ್ಯಾಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅದರಾಗ ಸೈಟ್ ಸೆಟ್ಟಿಂಗ್ಸ್, ಅದರಾಗ ನೋಟಿಫಿಕೇಶನ್ಸ್ ತಗೀರಿ. ಹೂಂ ಅಂದವರ ಪಟ್ಟಿನ ಕಾಣತದ, ಒಂದೊಂದ ಬಂದ್ ಮಾಡ್ರಿ. ವೈನಿ ಫೋನಿನ್ಯಾಗ ಇಪ್ಪತ್ತರ ಮ್ಯಾಲೆ ಇದ್ದವು. ಬಂದ್ ಮಾಡಿದ ಗಳಿಗಿಯಿಂದ ಫೋನು ಶಾಂತ ಆತು, ವೈರಸ್ಸೂ “ಹೋತು”.

ಹೆದರಿಸೂ ಡಬ್ಬಿ ಬಂದ್ರ ಅದರಾಗಿನ ಯಾವ ಗುಂಡೀನೂ ಒತ್ತಬ್ಯಾಡ್ರಿ, ಮುಚ್ಚೂ ಗುರ್ತನೂ ಬ್ಯಾಡ. ಆ ಪುಟಾನ ಪೂರಾ ಬಂದ್ ಮಾಡ್ರಿ.

ಆ್ಯಪ್ ಅಳಿಸಿದ್ರ ವರ್ಗಣಿ ನಿಂದ್ರೂದಿಲ್ಲ. ರೊಕ್ಕ ಕಳಸೂ ಆ್ಯಪಿನ್ಯಾಗ ಆಟೋಪೇ ಅಂತ ಇರತದ, ಅಲ್ಲೆ ಹೋಗಿ ರದ್ದು ಮಾಡಬೇಕು. ಪ್ಲೇ ಸ್ಟೋರಿನ್ಯಾಗ ನಮ್ಮ ಚಿತ್ರ ಒತ್ತಿದ್ರ ಸಬ್‌ಸ್ಕ್ರಿಪ್ಶನ್ ಅಂತ ಕಾಣತದ, ಅಲ್ಲೂ ನೋಡ್ರಿ. ಒಂದು ರೂಪಾಯಿಗೆ ಪಿನ್ನು ಕೇಳಿದ್ರ ಪಿನ್ನು ಹಾಕೂ ಮೊದಲ ಕೆಳಗಿನ ಸಣ್ಣ ಅಕ್ಷರ ಯಾರ ಕಡಿಂದರೆ ಓದಸ್ರಿ.

ಜಾಹೀರಾತಿನ ಕಾಟನ ಬ್ಯಾಡ ಅಂದ್ರ ಫೋನಿನ್ಯಾಗ ಫೈರ್‌ಫಾಕ್ಸ್ ಹಾಕಿ, ಅದಕ್ಕ ಯುಬ್ಲಾಕ್ ಒರಿಜಿನ್ ಅನ್ನೂದನ್ನ ಜೋಡಸಬಹುದು. ಎರಡೂ ಪುಗಸಟ್ಟೆ. ಮಗಳ ಕಡಿಂದ ಹಾಕಿಸಿಕೊಂಡೆ, ಈಗ ಅಡಿಗಿ ಪುಟಾ ಅಡಿಗಿ ಪುಟಾದಂಗ ಕಾಣತದ.

ರೊಕ್ಕ ಮೋಸ ಆಗಿದ್ರ 1930ಕ್ಕ ಫೋನು ಹಚ್ಚರಿ, ಎಷ್ಟು ಲಗೂ ಹಚ್ಚತೀರಿ ಅಷ್ಟು ಛಲೋ. ವಸ್ತು, ವರ್ಗಣಿ ಇಂಥಾ ಗ್ರಾಹಕರ ದೂರಿಗೆ 1915 ಅದ.

ಇದೆಲ್ಲಾ ಎರಡನೇ ಮಾತು. ಮೊದಲನೇ ಮಾತು ನಮ್ಮ ಮಕ್ಕಳಿಗೆ, ಯಜಮಾನ್ರಿಗೆ, ಮತ್ತ ನನ್ನಂಥಾ ಜಾಣ ನಾದಿನೇರಿಗೆ. ವೈನಿ ಮೊದಲನೇ ತಿಂಗಳನ ಬಾಯಿ ಬಿಟ್ಟಿದ್ರ ಹೋಗತಿದ್ದದ್ದು 399 ರೂಪಾಯಿ ಮತ್ತ ಮ್ಯಾಲಿನ ಒಂದು. ಉಳದ ಏಳು ತಿಂಗಳದ್ದು, 2793 ರೂಪಾಯಿ, ಆ ಆ್ಯಪಿನವರಷ್ಟ ಕಸಗೊಂಡಿಲ್ಲ. ಬೈತಾರ ಅನ್ನೂ ಹೆದರಿಕಿ ಕಸಗೊಂಡದ, ಆ ಹೆದರಿಕಿ ಹುಟ್ಟಿಸಿದವರು ನಾವು. ಮೋಸಗಾರರಿಗೆ ನಮ್ಮ ಬೈಗಳಾನ ಕಾವಲು.

ಸಣ್ಣವರಿದ್ದಾಗ ನೀವು ಬಿಸಿ ಹಂಚು ಮುಟ್ಟಿ ಅತ್ತುಕೋತ ಬಂದಾಗ ಯಾವ ಅವ್ವನೂ “ಯಾರು ಮುಟ್ಟು ಅಂದಿದ್ರು” ಅಂತ ಮೊದಲ ಕೇಳಲಿಲ್ಲ. ಕೈ ಹಿಡದು ತಣ್ಣೀರಾಗ ಅದ್ದಿದ್ರು. ಈಗ ನಿಮ್ಮ ಸರತಿ. “ಎಲ್ಲೆ ಒತ್ತಿದಿ, ತೋರ್ಸು, ತಗಿಯೋಣು” ಅನ್ರಿ. ಇಷ್ಟ ಸಾಕು.

ಅಕ್ಕ ತಂಗೇರಿಗೆ ನನ್ನ ಮಾತು ಇಷ್ಟ. ಹೇಳ್ರಿ. ಮುಚ್ಚಿ ಇಡಬ್ಯಾಡ್ರಿ. ಮುಂದಿನ ಭಿಶಿಗೆ ಎಲ್ಲಾರೂ ಫೋನು ತರ್ರಿ. ಚೀಟಿ ಎತ್ತಿದ ಮ್ಯಾಲೆ ಅರ್ಧಾ ತಾಸು ಕೂತು ಒಬ್ಬರದೊಬ್ಬರು ನೋಡೋಣು. ಆ ಕೆಂಪು ಡಬ್ಬಿ ತೋರಿಸಿದಾಕಿ ಫೋನು ಅವತ್ತ ಛಲೋ ಆತು, ಐದು ನಿಮಿಷ ಹಿಡೀಲಿಲ್ಲ. ಅಕಿ ಮಾರಿ ನೋಡಬೇಕಿತ್ತು ನೀವು.

ವೈನಿಗೆ ನಾ ಕ್ಷಮಾ ಕೇಳೇನಿ. “ಹೋಗ, ದೊಡ್ಡಾಕಿ ಬಂದಿ” ಅಂದು ಚಹಾ ಮಾಡಿ ಕೊಟ್ರು. ಅನಾರಸದ ಬೆಲ್ಲದ ಅಳತಿ ಕಡೀಕ ಗದಗಿನ ಮೌಶಿ ಹೇಳಿದ್ರು. ವೈನಿ ಅದನ್ನ ಕ್ಯಾಲೆಂಡರಿನ ಹಿಂದ ಬರದು ಕಪಾಟಿನ ಬಾಗಲಕ್ಕ ಒಳಗಿಂದ ಅಂಟಿಸ್ಯಾರ. 2026ರ ಮೇ 17ಕ್ಕ ಅಧಿಕ ಜ್ಯೇಷ್ಠ ಸುರು. ಯಾರಿಗೆ ಬೇಕೋ ಅವರು ನನಗ ಕೇಳ್ರಿ, ಹಾಳಿ ನೋಡಿ ಹೇಳತೀನಿ. ಯಾವ ಡಬ್ಬಿನೂ ನಡುವ ಬರೂದಿಲ್ಲ.