ಹೃದಯದ ಗತಿನಿಯಾಮಕವೂ ಹೊಲದ ಕೆಲಸವೂ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಊರಿನಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಿ, ಎದೆಯಲ್ಲಿ ಪೇಸ್‌ಮೇಕರ್ ಎಂಬ ಗತಿನಿಯಾಮಕವನ್ನು ಇರಿಸಿಕೊಂಡು ಮರಳುವ ವೃದ್ಧ ರೈತನ ಕೈಯಲ್ಲಿ ಎಷ್ಟೋ ವೇಳೆ ಇಂಗ್ಲಿಷಿನ ಒಂದು ಚೀಟಿಯಿರುತ್ತದೆ. ಕೈಯನ್ನು ಹೆಗಲಿಗಿಂತ ಮೇಲೆತ್ತಬಾರದೆಂಬುದು ಅದರ ಮುಖ್ಯ ಸೂಚನೆ. ಅದನ್ನು ಓದಿ ಹೇಳಬೇಕಾದವರು ಕಾಲೇಜಿಗೆ ಹೋಗುವ ಮೊಮ್ಮಕ್ಕಳು. ಆದುದರಿಂದಲೇ ಈ ವಿಷಯವನ್ನು ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಜೀವಕೋಶಗಳ ಗುಂಪೊಂದು ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸ್ಪಂದನವನ್ನು ಹುಟ್ಟಿಸುತ್ತದೆ. ಅದು ತೀರ ನಿಧಾನವಾದರೆ, ಅಥವಾ ಕೆಳಕೋಣೆಗಿಳಿಯುವ ಹಾದಿಯಲ್ಲಿ ತಡೆದುಹೋದರೆ, ಕಣ್ಣು ಕತ್ತಲೆಗಟ್ಟಿ ಮನುಷ್ಯ ಕುಸಿದುಬೀಳಬಹುದು. 1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನ ಶಸ್ತ್ರವೈದ್ಯ ಓಕೆ ಸೆನ್ನಿಂಗರು, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟರು ರಚಿಸಿದ ಯಂತ್ರವನ್ನು ಅರ್ನೆ ಲಾರ್ಸನ್ ಎಂಬವರ ದೇಹದೊಳಗೆ ಹೂಡಿದರು. ಯಂತ್ರವೇನೋ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಲಾರ್ಸನ್ನರು ಮಾತ್ರ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು, ಆ ಇಬ್ಬರೂ ತೀರಿಕೊಂಡ ಮೇಲೂ ಉಳಿದು, 2001ರ ವರೆಗೆ ಬಾಳಿದರು.

ಶಸ್ತ್ರಕ್ರಿಯೆಯೆಂದೊಡನೆ ಎದೆಗೂಡನ್ನು ಸೀಳುತ್ತಾರೆಂದು ಹೆದರುವವರುಂಟು. ಸಾಮಾನ್ಯವಾಗಿ ಹಾಗಿಲ್ಲ. ಆ ಭಾಗವನ್ನಷ್ಟೇ ಮರಗಟ್ಟಿಸಿ, ಕೊರಳೆಲುಬಿನ ಕೆಳಗೆ ಸುಮಾರು ಎರಡಂಗುಲ ಕೊಯ್ದು, ಅಭಿಧಮನಿಯ ಮೂಲಕ ತಂತಿಯನ್ನು ಹೃದಯಕ್ಕಿಳಿಸಿ, ಬೆಂಕಿಪೊಟ್ಟಣಕ್ಕಿಂತ ತೆಳುವಾದ ಯಂತ್ರವನ್ನು ಚರ್ಮದಡಿಯಲ್ಲಿಟ್ಟು ಹೊಲಿಯುತ್ತಾರೆ. ಒಂದೆರಡು ಗಂಟೆಯ ಕೆಲಸ. ತೊಡಕಿಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆ.

ನಿಜವಾದ ಎಚ್ಚರಿಕೆ ಬೇಕಾದದ್ದು ಮನೆಗೆ ಬಂದ ಮೇಲೆ. ತಂತಿಯ ತುದಿಯನ್ನು ಹೃದಯದ ಒಳಗೋಡೆಗೆ ಸಣ್ಣ ತಿರುಪಿನಿಂದಲೋ ಕೊಕ್ಕೆಯಿಂದಲೋ ಸಿಕ್ಕಿಸಿರುತ್ತಾರೆ. ಸುತ್ತಲಿನ ಮಾಂಸ ಬೆಳೆದು ಅದನ್ನು ಬಿಗಿಯಾಗಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಜಗ್ಗಿದರೆ ತುದಿ ಕಳಚೀತು, ಮತ್ತೆ ಶಸ್ತ್ರಕ್ರಿಯೆ ಬಂದೀತು. ಆದರೆ 'ಹೆಗಲಿಗಿಂತ ಮೇಲೆ' ಎಂದರೆ ರೈತನಿಗೆ ಏನು ಅರ್ಥವಾಗಬೇಕು? ಹುಲ್ಲಿನ ಹೊರೆಯನ್ನು ತಲೆಗೇರಿಸಬೇಡ, ಕೊಡಲಿಯೆತ್ತಿ ಕಟ್ಟಿಗೆ ಸೀಳಬೇಡ, ಬಾವಿಯ ಹಗ್ಗ ಜಗ್ಗಬೇಡ, ಗೋವಿನಜೋಳದ ಚೀಲ ಎತ್ತಬೇಡ, ಅಂಗಿಯ ತೋಳಿಗೆ ಆ ಕೈಯನ್ನೇ ಮೊದಲು ತೂರಿಸು ಎಂದು ಬರೆದುಕೊಟ್ಟರೆ ತಿಳಿದೀತು. ಚೀಟಿ ಬರೆಯುವವರು ರೋಗಿಯ ಕಸುಬನ್ನು ಕೇಳಿಯೇ ಬರೆಯಬೇಕೆಂದು ನನ್ನ ಅಭಿಪ್ರಾಯ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಭಯದಿಂದ ಕೈಯನ್ನು ಎದೆಗೇ ಅವಚಿಕೊಂಡು ಕುಳಿತವರ ಹೆಗಲಿನ ಕೀಲು ಬಿಗಿದುಹೋಗುತ್ತದೆ. ಉಣ್ಣುವುದು, ಬರೆಯುವುದು, ಮೊಳಕೈಯನ್ನು ಆಡಿಸುವುದು ನಡೆಯಲೇಬೇಕು.

ಇನ್ನು ವಿದ್ಯುತ್ತಿನ ಭಯ. ಸುಸ್ಥಿತಿಯಲ್ಲಿರುವ ಪಂಪ್‌ಸೆಟ್ಟಿನ ಸ್ವಿಚ್ಚನ್ನು ಒತ್ತಿದರೆ ಯಂತ್ರ ನಿಲ್ಲುವುದಿಲ್ಲ. ಆದರೆ ನೇಗಿಲು ದುರಸ್ತಿ ಮಾಡುವ ವೆಲ್ಡಿಂಗಿನಿಂದಲೂ ಬಲವಾದ ಅಯಸ್ಕಾಂತದಿಂದಲೂ ದೂರವಿರಬೇಕು. ಮೊಬೈಲನ್ನು ಆ ಪಕ್ಕದ ಅಂಗಿಜೇಬಿನಲ್ಲಿಡದೆ ಇನ್ನೊಂದು ಕಿವಿಗೆ ಹಿಡಿಯಬೇಕು. ಗಾಯ ಊದಿ ಕೀವಾದರೆ, ಜ್ವರ ಬಂದರೆ, ಮತ್ತೆ ತಲೆಸುತ್ತಿದರೆ ಅರಿಸಿನ ಮೆತ್ತಿ ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುತ್ತದೆ. ಎಷ್ಟು ಉಳಿದಿದೆಯೆಂಬುದನ್ನು ವೈದ್ಯರು ಚರ್ಮದ ಮೇಲಿನಿಂದಲೇ ಓದಿ ತಿಳಿಯಬಲ್ಲರು. ಆದರೆ ಅದಕ್ಕೆ ರೋಗಿ ಬರಬೇಕಷ್ಟೆ. ಮೈಯಲ್ಲಿ ಹುಷಾರಾದ ಮೇಲೆ ಹುಬ್ಬಳ್ಳಿಯ ಬಸ್ಸು ಹತ್ತಲು ಯಾರಿಗೂ ಮನಸ್ಸಾಗದು. ಗೊತ್ತುಪಡಿಸಿದ ದಿನ ಬಿತ್ತನೆಯ ನಡುವೆ ಬಿದ್ದರೆ, ಮೊಮ್ಮಗನೋ ಮೊಮ್ಮಗಳೋ ಮುಂಚೆಯೇ ಫೋನು ಮಾಡಿ ಬೇರೊಂದು ದಿನವನ್ನು ಕೇಳಿ ಗುರುತುಹಾಕಿಕೊಳ್ಳಬಹುದು.